ನಾನೂರು ಬಡಕಲು ಗೋವುಗಳು

ಬೇಗಂಪೇಟೆಯ ಹೆದ್ದಾರಿಯಲ್ಲಿ ಸಾಗುವಾಗಲೆಲ್ಲ, ಅಲ್ಲಿಯ ಪ್ರಸಿದ್ಧ ವಿದ್ಯಾಲಯದ ವಿಶಾಲವಾದ ಆವರಣವನ್ನು ಕಂಡು, ನನ್ನ ಮನಸ್ಸು ಒಂದು ಹಳೆಯ ಜಿಜ್ಞಾಸೆಗೆ ಮರಳುವುದು: ವಿದ್ಯೆಯನ್ನು ನೀಡುವುದು ದಾನವೋ, ಋಣಸಂದಾಯವೋ? ಏಳನೆಯ ನಿಜಾಮರ ಆಳ್ವಿಕೆಯಲ್ಲಿ, 1923ರಲ್ಲಿ, ಜಾಗೀರದಾರರ ಮಕ್ಕಳಿಗೆಂದೇ ಸ್ಥಾಪಿತವಾದ ಕಾಲೇಜು ಅದು. 1949ರಲ್ಲಿ ಜಾಗೀರುಗಳು ರದ್ದಾದ ತರುವಾಯ, 1951ರಲ್ಲಿ ‘ಹೈದರಾಬಾದ್ ಪಬ್ಲಿಕ್ ಸ್ಕೂಲ್’ ಎಂಬ ಹೆಸರನ್ನು ತಾಳಿ, ವಂಶದ ನಿರ್ಬಂಧವನ್ನು ಕಳಚಿ, ಇತರರ ಮಕ್ಕಳಿಗೂ ಬಾಗಿಲು ತೆರೆಯಿತು. ಭೂಮಿಯ ಜಾಗೀರು ಒಂದು ಶಾಸನದಿಂದ ಅಳಿಯಿತು. ವಿದ್ಯೆಯ ಜಾಗೀರಿಗಾದರೋ ಗಡಿಕಲ್ಲುಗಳೇ ಇಲ್ಲವಾದುದರಿಂದ, ಅದನ್ನು ಕಿತ್ತೊಗೆಯುವುದು ನಾಡಿನಾದ್ಯಂತ ಇನ್ನೂ ಉಳಿದಿರುವ ಕಾರ್ಯ.

ಸರ್ಕಾರಿ ಶಾಲೆಯ ಮಾತು ಬಂದಾಗ ನಾವು ‘ವಿದ್ಯಾದಾನ’ವೆಂಬ ಪದವನ್ನು ಸಲೀಸಾಗಿ ಬಳಸುತ್ತೇವೆ. ದಾನವು ದಾತೃವಿನ ಇಚ್ಛೆಗೆ ಅಧೀನವಾದುದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲ. ಸೋರುವ ಮಾಡಿನ ಕೆಳಗೆ ಒಬ್ಬನೇ ಉಪಾಧ್ಯಾಯನು ಹಲವು ತರಗತಿಗಳನ್ನು ಕೂಡಿಸಿಕೊಂಡು ಕುಳಿತಿದ್ದರೂ, ದಾನವಾಗಿ ಬಂದುದರ ಲೋಪವನ್ನು ಎತ್ತಿ ಆಡಲು ಕೂಲಿಕಾರನ ಮಗುವಿಗೆ ಬಾಯಿಲ್ಲ. ಆದರೆ ಶತಪಥ ಬ್ರಾಹ್ಮಣವು, ಇರುವವನಾವನೇ ಆಗಲಿ ಅವನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ ಋಣಿಯಾಗಿಯೇ ಜನಿಸುವನೆಂದೂ, ಋಷಿಋಣವು ಅಧ್ಯಯನದಿಂದ ತೀರುವುದೆಂದೂ ಹೇಳುತ್ತದೆ. ಅಧ್ಯಯನವೇ ಋಣದ ಪರಿಹಾರವಾಗಿರುವಲ್ಲಿ, ಮಗುವಿಗೆ ಕಲಿಯುವ ಮಾರ್ಗವನ್ನು ಮುಚ್ಚಿದವರು ಅದರ ಜನ್ಮದ ಸಾಲವನ್ನು ತೀರದಂತೆ ಮಾಡಿದವರಾಗುವರು. ಆ ಪಾಪವು ಮಗುವಿನದಲ್ಲ, ಓದಿ ಮುಂದೆ ಬಂದ ನಮ್ಮದು.

ಈ ಋಣವು ಕೇವಲ ಪಾರಲೌಕಿಕವೂ ಅಲ್ಲ. ನಿಜಾಮರ ಬೊಕ್ಕಸಕ್ಕೆ ಬೀದರ, ಕಲಬುರಗಿ, ರಾಯಚೂರುಗಳ ರೈತರ ಕಂದಾಯವೂ ಬಂದು ಸೇರುತ್ತಿದ್ದಿತು. ಆ ರೈತರ ಮಕ್ಕಳು ಹೆಚ್ಚಿನ ವಿದ್ಯೆಯನ್ನು ಬಯಸಿದರೆ ತಾಯ್ನುಡಿಯನ್ನು ಬಿಟ್ಟು ಉರ್ದುವಿನಲ್ಲಿ ಓದಬೇಕಾಗಿದ್ದಿತು. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಅವುಗಳ ಹಿಂದುಳಿದಿರುವಿಕೆಯ ನಿವಾರಣೆಗಾಗಿ ಸಂವಿಧಾನದಲ್ಲಿ 371ಜೆ ವಿಧಿಯು ಜಾರಿಗೆ ಬರಲು 2013ರ ವರೆಗೆ ಕಾಯಬೇಕಾಯಿತು. ಇದನ್ನು ಕೃಪೆಯೆಂದು ಕರೆಯಲು ನನಗೆ ನಾಲಗೆ ಏಳದು.

1964–66ರ ಕೊಠಾರಿ ಆಯೋಗವು ನೆರೆಹೊರೆಯ ಎಲ್ಲ ಮಕ್ಕಳಿಗೂ ಒಂದೇ ಶಾಲೆಯೆಂಬ ಆದರ್ಶವನ್ನು ಮುಂದಿರಿಸಿತು. 2010ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲರ ಮಕ್ಕಳಿಗೆ ಮೀಸಲಿರಿಸಿತು. ಆ ಮಕ್ಕಳ ಭಾಗ್ಯಕ್ಕೆ ನಾನು ಸಂತೋಷಪಡುತ್ತೇನೆ. ಆದರೆ ಕೆಲವರನ್ನು ದಾಟಿಸುವುದರಿಂದ, ದಾಟದೆ ಉಳಿದವರ ಶಾಲೆಯು ಉದ್ಧಾರವಾಗದು.

ಛಾಂದೋಗ್ಯೋಪನಿಷತ್ತಿನಲ್ಲಿ ಗೋತ್ರವನ್ನರಿಯದ ಸತ್ಯಕಾಮನನ್ನು ಶಿಷ್ಯನನ್ನಾಗಿ ಸ್ವೀಕರಿಸಿದ ಗೌತಮನು, ಕೃಶವಾದ, ಬಲಹೀನವಾದ ನಾನೂರು ಗೋವುಗಳನ್ನೇ ಬೇರ್ಪಡಿಸಿ ಅವನ ವಶಕ್ಕೆ ಕೊಟ್ಟನು. ಅವುಗಳಲ್ಲಿ ಪುಷ್ಟವಾದುದನ್ನು ಆರಿಸಿಕೊಳ್ಳೆಂದು ಗುರು ಹೇಳಲಿಲ್ಲ; ಶಿಷ್ಯನೂ ಕೇಳಲಿಲ್ಲ. ಸಾವಿರವಾಗದ ಹೊರತು ಮರಳೆನೆಂದು ನುಡಿದು ಅವನು ಹಿಂಡನ್ನು ಅಟ್ಟಿಕೊಂಡು ಹೋದನು. ವರ್ಷಗಳು ಕಳೆದುವು. ಹಿಂಡು ಸಾವಿರವಾಯಿತೆಂದು ಅವನನ್ನು ಕೂಗಿ ಹೇಳಿದುದೂ, ಬ್ರಹ್ಮದ ಮೊದಲ ಪಾದವನ್ನು ಅವನಿಗೆ ಬೋಧಿಸಿದುದೂ, ಆ ಹಿಂಡಿನದೇ ಒಂದು ವೃಷಭ.