ಮೈ ಕಾಯುವ ಲೆಕ್ಕ

ಜ್ವರ ಏರುವಾಗ ಚಳಿಯಾಗುವುದೇಕೆ? ಮುಟ್ಟಿದರೆ ಮೈ ಸುಡುತ್ತಿರುತ್ತದೆ, ಥರ್ಮಾಮೀಟರ್ 102 ತೋರಿಸುತ್ತದೆ. ಜ್ವರ ಬಂದವನು ಮಾತ್ರ ಹಲ್ಲು ಕಟಕಟಿಸುತ್ತ ಇನ್ನೊಂದು ಕಂಬಳಿ ಹೊದಿಸಿ ಅನ್ನುತ್ತಾನೆ. ದೇಹದ ಸಮತೋಲನ ತಪ್ಪಿತು ಎಂದು ನಮಗನ್ನಿಸುತ್ತದೆ. ತಪ್ಪಿಲ್ಲ, ಅದು ಅಚ್ಚುಕಟ್ಟಾಗಿಯೇ ನಡೆಯುತ್ತಿದೆ. ಸೋಂಕಿನ ವಿರುದ್ಧ ಹೋರಾಡುವ ಕೋಶಗಳು ಬಿಡುವ ರಾಸಾಯನಿಕಗಳಿಂದ ಮಿದುಳಿನ ಹೈಪೊಥಲಾಮಸ್ ಬಳಿ ಪ್ರೊಸ್ಟಗ್ಲಾಂಡಿನ್ ಹೆಚ್ಚಿ, ಅಲ್ಲಿ ನಿಗದಿಯಾಗಿರುವ ಮೈಶಾಖದ ಗುರಿಯೇ ಮೇಲಕ್ಕೆ ಸರಿದಿರುತ್ತದೆ. 104 ಬೇಕೆನ್ನುವ ದೇಹಕ್ಕೆ 102 ಅಂದರೆ ಚಳಿಯೇ. ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಜ್ವರ ಬಿಡುವಾಗ ಗುರಿ ಇಳಿಯುತ್ತದೆ. ಅದೇ 102 ಈಗ ಸೆಕೆಯಾಗಿ ಬೆವರು ಧಾರಾಕಾರ ಸುರಿಯುತ್ತದೆ.

ಬಿಸಿಲಿಗೆ ಕುಸಿದು ಬಿದ್ದವನ ಮೈಯೂ 104 ಇರಬಹುದು. ಅಲ್ಲಿ ಗುರಿ ಕದಲಿರುವುದಿಲ್ಲ, ದೇಹ ಸೋತಿರುತ್ತದೆ. ಗುರಿಯನ್ನು ಇಳಿಸುವ ಪ್ಯಾರಾಸಿಟಮಾಲ್ ಅಲ್ಲಿ ಕೆಲಸಕ್ಕೆ ಬಾರದು. ನೀರು, ಗಾಳಿ, ಮಂಜುಗಡ್ಡೆಯೇ ಬೇಕು. ಅಂಕಿ ಒಂದೇ, ಅರ್ಥ ತದ್ವಿರುದ್ಧ.

ಈ ಸಮತೋಲನಕ್ಕೆ 1926ರಲ್ಲಿ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟ ಅಮೆರಿಕದ ವಾಲ್ಟರ್ ಕ್ಯಾನನ್, 1932ರ ತಮ್ಮ ಪುಸ್ತಕದ ಶೀರ್ಷಿಕೆಯಲ್ಲೇ ಅದನ್ನು ದೇಹದ ವಿವೇಕ ಎಂದರು. ನನ್ನ ತಕರಾರು ಇಲ್ಲೇ. ಗುರಿಯಿಂದ ಎಷ್ಟು ದೂರ ಸರಿದಿದ್ದೇವೆ ಎಂದು ಅಳೆದು ಹಿಂದಕ್ಕೆಳೆಯುವುದಷ್ಟೇ ಈ ವ್ಯವಸ್ಥೆಯ ಕೆಲಸ. ಗುರಿ ಸರಿಯೇ ಎಂದು ಅದು ಕೇಳುವುದಿಲ್ಲ. ಇದು ನಿಷ್ಠೆ, ವಿವೇಕ ಅನ್ನುವುದು ಕಷ್ಟ. ಜ್ವರದಲ್ಲಿ ಗುರಿ ಏರಿದ್ದು ಸೋಂಕನ್ನು ಎದುರಿಸಲಿಕ್ಕಲ್ಲವೇ, ಅದು ವಿವೇಕವಲ್ಲವೇ ಎಂದು ಯಾರಾದರೂ ಕೇಳಬಹುದು. ಒಪ್ಪೋಣ. ಹಾಗಾದರೆ ರಕ್ತದೊತ್ತಡಕ್ಕೆ ಏನನ್ನೋಣ?

ಮಲಗಿದವರು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ಧಮನಿ ಕವಲೊಡೆಯುವ ಜಾಗದಲ್ಲಿರುವ ನರತುದಿಗಳು ಒತ್ತಡ ತಗ್ಗಿದ್ದನ್ನು ಕೂಡಲೇ ಗುರುತಿಸುತ್ತವೆ. ಕ್ಷಣಗಳಲ್ಲಿ ಎದೆಬಡಿತ ಹೆಚ್ಚಿ, ನಾಳಗಳು ಬಿಗಿದು, ನಾವು ಬೀಳದೆ ನಿಲ್ಲುತ್ತೇವೆ. ಇಷ್ಟು ಚುರುಕಾದ ಕಾವಲುಗಾರರು ಬಿಪಿ ಕೆಲವು ದಿನ ಏರಿಯೇ ಇದ್ದರೆ ಅದಕ್ಕೇ ಒಗ್ಗಿಬಿಡುತ್ತಾರೆ. 160 ಅವರಿಗೆ ಮಾಮೂಲಿಯಾಗುತ್ತದೆ. ಆಮೇಲೆ ಅವರು ಕಾಯುವುದು ಆ ರೋಗವನ್ನೇ.

ಬಿಪಿ ಮಾತ್ರೆ ಶುರು ಮಾಡಿದ ಹೊಸದರಲ್ಲಿ ಕೆಲವರಿಗೆ ತಲೆ ಸುತ್ತುತ್ತದೆ, ಸುಸ್ತೆನಿಸುತ್ತದೆ. "ಮಾತ್ರೆಗೆ ಮುಂಚೆಯೇ ಚೆನ್ನಾಗಿದ್ದೆ" ಎನ್ನುತ್ತಾರೆ. ಸುಳ್ಳಲ್ಲ; 160ಕ್ಕೆ ಒಗ್ಗಿದ ಮೈಗೆ 130 ಕೊರತೆಯಾಗಿಯೇ ತೋರುತ್ತದೆ. ಒತ್ತಡ ಇಳಿದದ್ದನ್ನು ಕಂಡ ಮೂತ್ರಪಿಂಡಗಳು ಉಪ್ಪು, ನೀರನ್ನು ಹಿಡಿದಿಟ್ಟು ಅದನ್ನು ಮತ್ತೆ ಮೇಲಕ್ಕೆ ತರಲು ನೋಡುತ್ತವೆ. ವೈದ್ಯರು ಎಷ್ಟೋ ಸಲ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಬರೆದುಕೊಡುವುದು ಈ ಹಟ ಮುರಿಯುವುದಕ್ಕೇ. ಕೆಲವು ವಾರ ಬಿಡದೆ ನುಂಗಿದರೆ ಕತ್ತಿನ ಕಾವಲುಗಾರರು ಹೊಸ ಅಂಕಿಗೂ ಒಗ್ಗುತ್ತಾರೆ, ಮೊದಲಿನ ಅಂಕಿಗೆ ಒಗ್ಗಿದಷ್ಟೇ ನಿಷ್ಠೆಯಿಂದ.