ಕೇರಿಯನ್ನು ಬಿಡುವ ಮುನ್ನ

ವಾಸಸ್ಥಾನವೆಂಬುದು ಕೇವಲ ಕಲ್ಲುಮಣ್ಣುಗಳ ಗೂಡಲ್ಲ. ನೆರೆಹೊರೆಯವರ ವಿಶ್ವಾಸವೇ ಅದರ ಅಡಿಪಾಯ. ಆ ವಿಶ್ವಾಸವು ಸಡಿಲಿದಾಗ ಗೃಹಸ್ಥನ ಮನಸ್ಸು ಕಳವಳಗೊಳ್ಳುವುದು ಸಹಜವೇ ಸರಿ. ಬೆಂಗಳೂರಿನಂತಹ ಮಹಾನಗರದ ಬಡಾವಣೆಯೊಂದರಲ್ಲಿ ಇಪ್ಪತ್ತು ವರ್ಷ ಬಾಳಿದ ಕುಟುಂಬವೊಂದನ್ನು ಭಾವಿಸಬಹುದು. ಬೀಗ ಹಾಕಿದ ಮನೆಗಳಲ್ಲಿ ಕಳವು ಹೆಚ್ಚಿದೆ. ಸಂಜೆ ನಡೆದುಬರುವ ಹೆಂಗಸರ ಕೊರಳ ಸರಕ್ಕೆ ಕೈಹಾಕುವವರಿದ್ದಾರೆ. ಗೃಹಿಣಿಯು ಹೊರಟುಬಿಡೋಣವೆನ್ನುತ್ತಾಳೆ, ವೃದ್ಧ ತಂದೆಯು ಒಲ್ಲೆನೆನ್ನುತ್ತಾನೆ. ಆಗ ಯಜಮಾನನು ಮಾಡತಕ್ಕದ್ದೇನು?

ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಹಸಿದಾವೆಂದು ಅವುಗಳನ್ನೂ ಕಳುಹಿಸಿಕೊಟ್ಟರೆಂಬ ಕಥೆಯು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಇದನ್ನು ಕೇಳಿ, ಕೇಡಿಗರಿಗೆ ತಲೆಬಾಗಿ ಇರುವುದೇ ಭಕ್ತಿಯೆಂದು ಭ್ರಮಿಸಬಾರದು. ಅಣ್ಣನವರು ಬಿಟ್ಟುಕೊಟ್ಟದ್ದು ತಮ್ಮ ಸ್ವತ್ತನ್ನೇ ಹೊರತು ಪರರ ಪ್ರಾಣವನ್ನಲ್ಲ. ಸ್ವತ್ತಿನಲ್ಲಿ ನಿರ್ಮೋಹ, ತನ್ನನ್ನು ನಂಬಿದವರ ಜೀವದಲ್ಲಿ ಎಚ್ಚರ, ಇವೆರಡೂ ಕೂಡಿದ್ದೇ ವಿವೇಕ. ಪಾತ್ರೆ ಪದಾರ್ಥ ಹೋದಾವೆಂಬ ಅಂಜಿಕೆಗೇ ಕೇರಿಯನ್ನು ಬಿಡುವುದು ದುಡುಕು. ಮಗಳಿಗೆ ಅಪಾಯವಿದೆಯೆಂದು ಕಣ್ಣಾರೆ ಕಂಡ ಮೇಲೂ ಹಟದಿಂದ ಇರುವುದು ಅಹಂಕಾರ.

ಆದುದರಿಂದ ಮೊದಲು ಸತ್ಯವನ್ನರಿಯಬೇಕು. ಭಯಕ್ಕೆ ಕಿವಿಯುಂಟು, ಕಣ್ಣಿಲ್ಲ. ಒಂದು ಕಳವಿನ ಸುದ್ದಿಯು ನಾಲ್ಕು ಬಾಯಿಗಳಲ್ಲಿ ನಾಲ್ಕು ಕಳವಾಗುತ್ತದೆ. ಪೋಲೀಸು ಠಾಣೆಯಲ್ಲಿ ವಿಚಾರಿಸುವುದು, ನಷ್ಟವಾದವರು ಅಂಜದೆ ದೂರು ಕೊಡುವಂತೆ ಜೊತೆಗೆ ಹೋಗುವುದು, ಆಪತ್ತಿನಲ್ಲಿ 112ಕ್ಕೆ ಕರೆಮಾಡುವುದು ನಾಗರಿಕನ ಧರ್ಮ.

ಎರಡನೆಯದು, ನೆರೆಯವರ ಕೂಟ. ಅಮೆರಿಕದ ಷಿಕಾಗೋ ನಗರದ 343 ನೆರೆಹೊರೆಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕ ನಿವಾಸಿಗಳನ್ನು 1995ರಲ್ಲಿ ವಿಚಾರಿಸಿ, ವಿದ್ವಾಂಸರು 1997ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದುಂಟು. ಬಡತನವೇ ಮೊದಲಾದುವನ್ನು ಗಣನೆಗೆ ತಂದುಕೊಂಡ ಮೇಲೆಯೂ, ನೆರೆಯವರು ಪರಸ್ಪರ ನಂಬಿ, ಬೀದಿಯ ಮಕ್ಕಳು ದಾರಿತಪ್ಪಿದಾಗ ತಡೆಯಲು ಮುಂದಾಗುವ ಕಡೆ ಹಿಂಸೆಯು ಕಡಮೆಯೆಂಬುದು ಅದರ ತಾತ್ಪರ್ಯ. ಜನರು ಬಹುಕಾಲ ನೆಲೆನಿಂತ ಕಡೆ ಇಂತಹ ನಂಬಿಕೆಯು ಹೆಚ್ಚೆಂದೂ ಅದು ತೋರಿಸಿತು. ಒಬ್ಬೊಬ್ಬರಾಗಿ ಹೊರಟರೆ ಉಳಿದವರ ಬಲವು ಕುಗ್ಗುತ್ತದೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಹೋಗುವುದೇ ಪಾಪವೆ? ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರ ಹತ್ಯೆಯಾದ ಬಳಿಕ ಶರಣರು ಕಲ್ಯಾಣವನ್ನೇ ತೊರೆದರು. ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ತಂಡಕ್ಕೆ ಮಡಿವಾಳ ಮಾಚಿದೇವರು ರಕ್ಷಕರಾಗಿ ನಿಂತರೆಂದು ಪರಂಪರೆ ಹೇಳುತ್ತದೆ. ಅವರು ಮನೆಮಠಗಳನ್ನು ಬಿಟ್ಟರು. ವಚನದ ಕಟ್ಟುಗಳನ್ನೂ ಜೊತೆಯವರನ್ನೂ ಬಿಡಲಿಲ್ಲ.

ಹೊರಡುವ ಗೃಹಸ್ಥನು ನೆನೆಯಬೇಕಾದದ್ದು ಇದನ್ನೇ. ಹಣವುಳ್ಳವನು ಬೇರೆಡೆ ಮನೆ ಹಿಡಿದಾನು. ಬಾಗಿಲ ಬಳಿ ಹೂ ಮಾರುವಾಕೆ, ಮೂಲೆಯ ದರ್ಜಿ, ಪಕ್ಕದ ಒಂಟಿ ಮುದುಕಿ, ಇವರೆಲ್ಲಿಗೆ ಹೋದಾರು? ಅವರ ಕಾಯಕವೂ ಬದುಕೂ ಆ ಬೀದಿಗೇ ಕಟ್ಟಿಕೊಂಡಿವೆ. ಹೋಗುವುದೇ ನಿಶ್ಚಯವಾದರೆ, ಮನೆಯನ್ನು ಪಾಳುಬಿಡದೆ ಸಜ್ಜನರಿಗೆ ಬಾಡಿಗೆಗೆ ಕೊಡಲಿ. ದೀಪವಿಲ್ಲದ ಮನೆಯು ಕಳ್ಳರಿಗೆ ಅನುಕೂಲ. ಉಳಿದವರ ಕೂಟಕ್ಕೆ ಕೈಲಾದುದನ್ನು ಕೊಡುತ್ತಿರಲಿ, ಮುದುಕಿಯ ಯೋಗಕ್ಷೇಮವನ್ನು ವಿಚಾರಿಸುತ್ತಿರಲಿ. ಹೀಗೆ ನಡೆದುಕೊಂಡವನು ಇದ್ದರೂ ಧರ್ಮ, ಹೋದರೂ ಧರ್ಮ.