ನಿಂತ ಕಲ್ಲು, ನಡೆವ ಮಣ್ಣು

ಬೀದರಿನ ಹಳೆಯ ಪಟ್ಟಣದಲ್ಲಿ ಚೌಬಾರದ ಗುಂಡುಗೋಪುರವನ್ನು ಹಿಂದಿಕ್ಕಿ ಕೋಟೆಯ ಕಡೆಗೆ ನಡೆದು, ಮಹಮೂದ್ ಗವಾನನ ಮದರಸದ ಮುಂದೆ ನಿಂತವನ ಕಣ್ಣನ್ನು ಮೊದಲು ಸೆಳೆಯುವುದು ಅದರ ಭಗ್ನತೆ. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಉಳಿದುದರ ಮೈಯನ್ನು ಅಂಕುಡೊಂಕಾಗಿ ಬಳಸಿದ್ದ ಬಣ್ಣದ ಹಂಚುಗಳು ಬಹುಪಾಲು ಉದುರಿಹೋಗಿ, ಅವು ಕುಳಿತಿದ್ದ ಗಾರೆ ಮಾತ್ರ ಬಿಸಿಲಿಗೆ ಮೈಯೊಡ್ಡಿದೆ. ಪೋರ್ಚುಗೀಸರು ಲಿಸ್ಬನ್, ಪೋರ್ತೊ ನಗರಗಳ ಗೋಡೆಗಳಿಗೆ ಹೊದಿಸಿದ ಹಂಚಿಗೆ ‘ಅಜುಲೇಜು’ ಎಂಬ ಹೆಸರು ಬಂದುದು ಅರಬ್ಬೀ ನುಡಿಯಿಂದ. ಆ ಗೋಡೆಗಳು ಇಂದಿಗೂ ಯಾತ್ರಿಕರನ್ನು ಕರೆಯುತ್ತಿರುವಾಗ, ಪರ್ಶಿಯಾದ ಕಡೆಯಿಂದ ಇಲ್ಲಿಗೆ ಬಂದ ಅವುಗಳ ದೂರದ ದಾಯಾದಿ ಹೀಗೆ ಮುಕ್ಕಾಗಿ ನಿಂತಿದೆ.

ನಾವು ನೋಡಲು ಹೋಗುವುದಾದರೂ ಏನನ್ನು? ಶರಣರ ನಾಡಿನಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ನಿಂತುದನ್ನು ಸ್ಥಾವರವೆಂದೂ ನಡೆವುದನ್ನು ಜಂಗಮವೆಂದೂ ವಿಂಗಡಿಸಿ, ಜಂಗಮಕ್ಕೇ ಹಿರಿತನವನ್ನು ಕೊಟ್ಟ ವಿಚಾರವು ಬೆಳೆಯಿತು. ಆ ವಿಚಾರವನ್ನು ಎದೆಯಲ್ಲಿಟ್ಟುಕೊಂಡು ಬಂದವನು ಮುರಿದ ಮಿನಾರಿನೆದುರು ಮೈಮರೆತು ನಿಲ್ಲುವುದು ಸ್ವಧರ್ಮಕ್ಕೆ ಎರಡು ಬಗೆದಂತಾಗುವುದಿಲ್ಲವೆ? ಆದರೆ ಗಿಲಾನಿನಿಂದ ವರ್ತಕನಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಗವಾನನು 1472ರಲ್ಲಿ ಈ ಮೂರಂತಸ್ತಿನ ಮಂದಿರವನ್ನು ಎತ್ತಿಸಿದುದು ಪಾಠಕ್ಕಾಗಿ, ಪುಸ್ತಕಕ್ಕಾಗಿ, ದೂರದೇಶದ ವಿದ್ಯಾರ್ಥಿಗಳು ಬಂದು ಕಲಿತು ಹೋಗಲೆಂಬುದಕ್ಕಾಗಿ. ಅವನ ಮೊಹರನ್ನೊತ್ತಿದ ಒಂದು ಕೃತ್ರಿಮ ಪತ್ರವನ್ನು ನಂಬಿ ಸುಲ್ತಾನನು 1481ರಲ್ಲಿ ಅವನ ತಲೆಯನ್ನು ತೆಗೆಸಿದನು. ಔರಂಗಜೇಬನ ಕಾಲದಲ್ಲಿ ಒಳಗೆ ಕೂಡಿಟ್ಟ ಸಿಡಿಮದ್ದು ಹೊತ್ತಿ ಕಟ್ಟಡವೇ ಸೀಳಿತು. ಪಾಠಶಾಲೆಯನ್ನು ಮದ್ದಿನ ಮನೆಯನ್ನಾಗಿ ಮಾಡಿದ ಮೇಲೆ ಕಲ್ಲನ್ನು ದೂರಿ ಫಲವೇನು?

ಸ್ಥಾವರವನ್ನು ಪ್ರಶ್ನಿಸಿದ ಬಸವಣ್ಣನವರಿಗೇ ಬಸವಕಲ್ಯಾಣದಲ್ಲಿ ಈಗ 108 ಅಡಿಯ ಪ್ರತಿಮೆಯಿದೆ. ಅದರ ಪಾದದ ಬಳಿ ನಿಂತು ತಲೆಯೆತ್ತಿದಾಗ ನನ್ನ ಕುತ್ತಿಗೆ ನೋಯಿತೇ ಹೊರತು ಮನಸ್ಸು ಏರಲಿಲ್ಲವೆಂದರೆ ಭಕ್ತರು ಕ್ಷಮಿಸಬೇಕು. ಅದಕ್ಕಿಂತ ಭಾಲ್ಕಿಯ ಒಂದು ಹಲಗೆ ನನಗೆ ದೊಡ್ಡದಾಗಿ ತೋರುತ್ತದೆ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಚೆನ್ನಬಸವ ಪಟ್ಟದ್ದೇವರು, ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ನಿಂತದ್ದು ಹಲಗೆ, ನಡೆದದ್ದು ಅಕ್ಷರ.

ಊರ ಹೊರಗಿನ ಅಷ್ಟೂರಿನಲ್ಲಿ ಈ ವಿಂಗಡಣೆಯೇ ಕದಡಿಹೋಗುತ್ತದೆ. ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಷಾ ಅಲ್ಲಿ ಮಲಗಿದ್ದಾನೆ. ಸಮಾಧಿಯ ಒಳಗೆ ಕಾಲಿಟ್ಟರೆ ಮೊದಲು ಬರಿಯ ಕತ್ತಲೆ. ಕಣ್ಣು ಒಗ್ಗಿದಂತೆ ಗುಮ್ಮಟದ ಒಳಮೈಯಿಂದ ಕುಂಕುಮದ ಕೆಂಪು, ಹೊನ್ನು, ನೀಲಿ, ಬಳ್ಳಿಬಳ್ಳಿಯಾಗಿ ಹೆಣೆದ ಅಕ್ಷರಗಳು ಒಂದೊಂದಾಗಿ ಇಳಿದು ಬರುತ್ತವೆ. ಮುಸಲ್ಮಾನರಿಗೆ ಆತ ವಲಿ. ಸುತ್ತಣ ಲಿಂಗವಂತರಿಗೆ ಅಲ್ಲಮಪ್ರಭುವಿನ ಅವತಾರ. ಹೋಳಿಯ ಆಸುಪಾಸಿನಲ್ಲಿ ನಡೆಯುವ ಉರುಸಿಗೆ ಕಲಬುರ್ಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಭಕ್ತರನ್ನು ಕಟ್ಟಿಕೊಂಡು ಬಂದು, ಶಂಖವನ್ನೂದಿ ಗೋರಿಗೆ ಹೂವನ್ನೇರಿಸುತ್ತಾರೆ. ಸ್ಥಾವರದ ಬಾಗಿಲಿಗೆ ಜಂಗಮವೇ ನಡೆದು ಬಂದು ನಿಂತಾಗ, ಯಾವುದು ಯಾವುದನ್ನು ಕಾಯುತ್ತಿದೆಯೆಂದು ಹೇಳುವ ಎದೆಗಾರಿಕೆ ನನಗಿಲ್ಲ. ಸ್ವಲ್ಪ ಆಚೆಗೆ, ಕ್ರೌರ್ಯಕ್ಕೆ ಹೆಸರಾದ ಹುಮಾಯೂನ್ ಸುಲ್ತಾನನ ಗುಮ್ಮಟವು ಸಿಡಿಲಿಗೆ ಸೀಳಿ, ಕೊಯ್ದಿಟ್ಟ ಹಣ್ಣಿನಂತೆ ಒಳಗನ್ನು ಆಕಾಶಕ್ಕೆ ತೋರುತ್ತಿದೆ. ಅಲ್ಲಿಗೆ ಶಂಖವೂ ಬರುವುದಿಲ್ಲ, ಹೂವೂ ಬರುವುದಿಲ್ಲ.

ಹಿಂದಿರುಗುವಾಗ ಹಳೆಯ ಊರಿನ ಒಂದು ಬಿದ್ರಿ ಅಂಗಡಿಯಲ್ಲಿ ಕುಳಿತೆನು. ಸತುವಿಗೆ ತುಸು ತಾಮ್ರವನ್ನು ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಗೀರಿ, ಗೀರಿನೊಳಕ್ಕೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿದ್ದರು. ಆಗಿನ್ನೂ ಲೋಹಕ್ಕೂ ಬೆಳ್ಳಿಗೂ ಹೆಚ್ಚಿನ ಭೇದವೇ ಕಾಣುತ್ತಿರಲಿಲ್ಲ. ನವಸಾಗರದೊಡನೆ ಕುದಿಸಿದ ಮಣ್ಣಿನ ನೀರಿನಲ್ಲಿ ಅದ್ದಿ ತೆಗೆದೊಡನೆ ಲೋಹವು ಇದ್ದಲಿನಂತೆ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯಿತು. ಆ ಮಣ್ಣು ಎಲ್ಲೆಂದರಲ್ಲಿ ಸಿಕ್ಕದು. ಕೋಟೆಯೊಳಗೆ ಮಳೆಬಿಸಿಲು ತಾಗದ ಎಡೆಯಿಂದ ಅದನ್ನು ತರಬೇಕು. ಆರುನೂರು ವರುಷ ಅಲುಗಾಡದೆ ಬಿದ್ದಿದ್ದ ಕೋಟೆಯ ನೆಲವು ಹೂಜಿಯ ಬಣ್ಣವಾಗಿ, ತಟ್ಟೆಯ ಬಣ್ಣವಾಗಿ ಯಾವ ಯಾವ ದೇಶದ ಮನೆಗಳನ್ನೋ ಸೇರುತ್ತಿದೆಯಲ್ಲ ಎಂದು ನಾನು ಬೆರಗಾಗಿ ಕುಳಿತಿರಲು, ಮುದುಕನಾದ ಕೆಲಸಗಾರನು ಹೊಸದಾಗಿ ಬಂದ ಚೀಲದಿಂದ ಒಂದು ಚಿಟಿಕೆಯನ್ನು ತೆಗೆದು ನಾಲಗೆಯ ತುದಿಗಿಟ್ಟು, ಕಣ್ಣು ಮುಚ್ಚಿ ಸವಿದು, ಬಾಗಿಲಾಚೆಗೆ ಉಗುಳಿದನು.

“ಈ ಮಣ್ಣು ನಡೆಯಂಗಿಲ್ರಿ,” ಎಂದು ಚೀಲವನ್ನು ಮೂಲೆಗೆ ಸರಿಸಿದನು.